ಮಸಾಲೆ ಬೀಜಗಳಿಗೆಂದು ಕೊಂಡ ಓವನ್: ಎಂಟು ತಿಂಗಳ ಬಳಕೆಯ ನಂತರ

ಬಾದಾಮಿ, ಗೋಡಂಬಿ, ಆಕ್ರೋಟ್, ಕಡಲೆಕಾಯಿ ಬೀಜಗಳನ್ನು ಮಸಾಲೆ ಹಚ್ಚಿ ಮನೆಯಲ್ಲೇ ಹುರಿದುಕೊಳ್ಳಬೇಕೆಂಬ ಒಂದೇ ಉದ್ದೇಶದಿಂದ ಎಂಟು ತಿಂಗಳ ಹಿಂದೆ ನಾನೊಂದು ಚಿಕ್ಕ ಓವನ್ ಕೊಂಡೆ. ಅಡುಗೆಕಟ್ಟೆಯ ಮೇಲೆ ಕೂರುವಂಥದ್ದು; ಒಳಗಾತ್ರ 25 ಲೀಟರ್, ಶಕ್ತಿ 1,500 ವಾಟ್, ಮೇಲೆ ಕೆಳಗೆ ಕಾಯುವ ಸರಳುಗಳು, ಹಿಂಬದಿಯಲ್ಲಿ ಬಿಸಿಗಾಳಿಯನ್ನು ಸುತ್ತಾಡಿಸುವ ಫ್ಯಾನ್, ಮುಂದೆ ಉಷ್ಣತೆಗೆ, ಸಮಯಕ್ಕೆ ಮತ್ತು ಸರಳುಗಳ ಆಯ್ಕೆಗೆ ಮೂರು ನಾಬ್‌ಗಳು. ಕೇಕು, ಬ್ರೆಡ್ಡುಗಳ ವಿಷಯದಲ್ಲಿ ಅದರ ಯೋಗ್ಯತೆ ಏನೆಂಬುದನ್ನು ಇಲ್ಲಿ ಹೇಳಹೊರಟಿಲ್ಲ. ವಾರಕ್ಕೊಮ್ಮೆಯಂತೆ ಮೂವತ್ತಕ್ಕೂ ಹೆಚ್ಚು ಸಲ ಅದರಲ್ಲಿ ಬೀಜ ಹುರಿದಿದ್ದೇನೆ. ಆ ಕೆಲಸವನ್ನು ಅದು ಎಷ್ಟು ಚೆನ್ನಾಗಿ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ, ಕೈಕೊಟ್ಟಲ್ಲಿ ನಾವೇನು ಮಾಡಬಹುದು ಎಂಬಷ್ಟೇ ಈ ವಿಮರ್ಶೆಯ ವಿಷಯ.

ಇದೆಲ್ಲ ಶುರುವಾದದ್ದು ತಂದೆಯವರ ರಕ್ತದೊತ್ತಡದಿಂದ. ಉಪ್ಪು ಕಡಿಮೆ ಮಾಡಿ ಎಂದು ವೈದ್ಯರು ಹೇಳಿದ ಮೇಲೆ ಊಟದ ಉಪ್ಪನ್ನು ಇಳಿಸುವುದು ಕಷ್ಟವಾಗಲಿಲ್ಲ, ಆದರೆ ಸಂಜೆ ಅವರು ಬಾಯಾಡಿಸುತ್ತಿದ್ದ ಮಸಾಲೆ ಬೀಜಗಳ ಪೊಟ್ಟಣವನ್ನು ನಿಲ್ಲಿಸುವುದು ನನಗೂ ಅವರಿಗೂ ಆಗಲಿಲ್ಲ. ಪೊಟ್ಟಣದ ಹಿಂಬದಿಯನ್ನು ಓದಿದಾಗ ಬೀಜ, ಎಣ್ಣೆ, ಉಪ್ಪು, ಸಕ್ಕರೆ, ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಪಿಷ್ಟಜನ್ಯ ಪುಡಿ, ರುಚಿವರ್ಧಕ, ಕೊನೆಗೆಲ್ಲೋ ಮಸಾಲೆ ಎಂಬ ಕ್ರಮವಿತ್ತು. ಮಸಾಲೆ ಬೀಜವೆಂದು ಹೆಸರಿಟ್ಟುಕೊಂಡ ಪದಾರ್ಥದಲ್ಲಿ ಮಸಾಲೆಗಿಂತ ಸಕ್ಕರೆ ಮುಂದಿರುವುದು ನನಗೆ ಸರಿಕಾಣಲಿಲ್ಲ.

ಎಣ್ಣೆಯ ಬಗ್ಗೆ ನನಗಿದ್ದ ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ಸರಿಪಡಿಸಿಬಿಡುತ್ತೇನೆ. ಎಣ್ಣೆಯಲ್ಲಿ ಹುರಿದ ಬಾದಾಮಿ ಕೊಬ್ಬಿನ ಮುದ್ದೆ, ಒಣಹುರಿದದ್ದು ಹಗುರ ಎಂದು ನಾನು ನಂಬಿದ್ದೆ. ಆದರೆ ಒಣಹುರಿದ 100 ಗ್ರಾಂ ಬಾದಾಮಿಯಲ್ಲಿ ಕೊಬ್ಬು ಸುಮಾರು 53 ಗ್ರಾಂ ಇದ್ದರೆ, ಎಣ್ಣೆಯಲ್ಲಿ ಹುರಿದದ್ದರಲ್ಲಿ ಸುಮಾರು 55 ಗ್ರಾಂ ಇರುತ್ತದೆ. ಹಸಿ ಬಾದಾಮಿಯಲ್ಲೇ ಸುಮಾರು 50 ಗ್ರಾಂ ಇರುತ್ತದೆ. ತಿರುಳು ಮೊದಲೇ ಎಣ್ಣೆಯಿಂದ ತುಂಬಿರುವುದರಿಂದ ಹೊರಗಿನ ಎಣ್ಣೆಗೆ ಒಳಗೆ ಹೆಚ್ಚು ಜಾಗವಿಲ್ಲ. ಹಾಗಾಗಿ ಮನೆಯಲ್ಲಿ ಹುರಿಯುವುದರ ನಿಜವಾದ ಲಾಭ ಎಣ್ಣೆಯ ಉಳಿತಾಯದಲ್ಲಿಲ್ಲ. ಉಪ್ಪು ಮತ್ತು ಸಕ್ಕರೆ ನಮ್ಮ ಅಳತೆಯಲ್ಲಿರುವುದು, ಬಳಸುವ ಎಣ್ಣೆ ಹಳೆಯದಲ್ಲವೆಂಬ ಭರವಸೆ, ಹುರಿದ ವಾರದೊಳಗೆ ತಿಂದು ಮುಗಿಸುವ ತಾಜಾತನ, ಇವೇ ಲಾಭ. ಓವನ್ನಿನ ಡಬ್ಬದ ಮೇಲೆ ಅಚ್ಚಾಗಿದ್ದ ‘ಎಣ್ಣೆಯಿಲ್ಲದೆ ಆರೋಗ್ಯ’ ಎಂಬ ಮಾತನ್ನು ನಂಬಿ ಕೊಳ್ಳುವವರಿಗೆ ಇದು ತಿಳಿದಿರಲಿ.

ಓವನ್ ಬರುವ ಮೊದಲು ದಪ್ಪ ತಳದ ಬಾಣಲೆಯಲ್ಲೇ ಹುರಿಯುತ್ತಿದ್ದೆ. ಸಣ್ಣ ಉರಿಯಲ್ಲಿ, ಕೈಬಿಡದೆ ಆಡಿಸುತ್ತಾ, ಇಪ್ಪತ್ತು ನಿಮಿಷ ಒಲೆಯ ಮುಂದೆ ನಿಲ್ಲುವ ತಾಳ್ಮೆಯಿದ್ದರೆ ಬಾಣಲೆ ಈಗಲೂ ಒಳ್ಳೆಯ ಸಾಧನವೇ. ಅದರ ತೊಡಕಿರುವುದು ಬೀಜದ ಆಕಾರದಲ್ಲಿ: ದುಂಡಗಿನ ಬೀಜ ಬಿಸಿ ಲೋಹವನ್ನು ಒಂದು ಚಿಕ್ಕ ಬಿಂದುವಿನಲ್ಲಿ ಮಾತ್ರ ಮುಟ್ಟುತ್ತದೆ, ಆ ಬಿಂದು ಸೀಯುವ ಹೊತ್ತಿಗೂ ನಡುವಿನ ತಿರುಳು ಹಸಿಯಾಗಿಯೇ ಉಳಿಯುತ್ತದೆ. ಗೋಡಂಬಿಯ ಬಾಗಿದ ಬೆನ್ನಿನ ಮೇಲೆ ಕಂದು ಕಲೆ, ಹೊಟ್ಟೆಯಲ್ಲಿ ಬಿಳಿ ಹಿಟ್ಟಿನ ರುಚಿ ಕಂಡವರಿಗೆ ಇದು ಗೊತ್ತು. ಬಿಸಿಗಾಳಿ ಹಾಗಲ್ಲ, ಬೀಜವನ್ನು ಎಲ್ಲ ಕಡೆಯಿಂದಲೂ ಸುತ್ತುವರಿಯುತ್ತದೆ. ಕಾಗದದ ಮೇಲೆ ಓವನ್ನಿನ ಪಕ್ಷ ಇಷ್ಟು ಬಲವಾಗಿದೆ.

ಕಾಗದದಾಚೆಗೆ, ಮೊದಲ ದಿನವೇ ನಿರಾಸೆಯಾಯಿತು. ನಾಬನ್ನು 150 ಡಿಗ್ರಿ ಸೆಲ್ಸಿಯಸ್‌ಗೆ ತಿರುಗಿಸಿ 20 ನಿಮಿಷ ಇಟ್ಟ ಬಾದಾಮಿ ಕಂದು ದಾಟಿ ಕರಕಲಾಗುವ ಅಂಚಿಗೆ ಬಂದಿತ್ತು. ಬೀಜವನ್ನೋ ನನ್ನ ಅಳತೆಯನ್ನೋ ದೂರುವ ಮೊದಲು ಓವನ್ನಿನೊಳಗೆ ತೂಗುಹಾಕುವ ಒಂದು ಸಣ್ಣ ಥರ್ಮಾಮೀಟರ್ ತಂದು, ಟ್ರೇ ಇಡುವ ಮಟ್ಟದಲ್ಲೇ ಇಟ್ಟು, ಅರ್ಧ ಗಂಟೆ ಗಾಜಿನ ಬಾಗಿಲ ಮುಂದೆ ಕುಳಿತು ಬರೆದುಕೊಂಡೆ. ನಾಬ್ 150 ಎಂದಾಗ ಒಳಗೆ ಉಷ್ಣತೆ 148ರಿಂದ 176ರವರೆಗೆ ಏರಿಳಿಯುತ್ತಿತ್ತು. ಮನೆಬಳಕೆಯ ಓವನ್‌ಗಳಲ್ಲಿ ಸರಳು ಒಂದೇ ಸಮನೆ ಕಾಯುವುದಿಲ್ಲ. ನಿಗದಿತ ಬಿಸಿ ಮುಟ್ಟಿದಾಗ ಆರಿ, ತಣಿದಾಗ ಮತ್ತೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ಈ ಏರಿಳಿತ ದೋಷವಲ್ಲ, ಅದರ ಸ್ವಭಾವ. ದೋಷವಿದ್ದದ್ದು ಸರಾಸರಿಯಲ್ಲಿ. ನಾಬ್ ಹೇಳುವುದಕ್ಕಿಂತ ನನ್ನ ಓವನ್ ಹತ್ತು ಹನ್ನೆರಡು ಡಿಗ್ರಿ ಹೆಚ್ಚು ಬಿಸಿ. ಅಂದಿನಿಂದ 150 ಬೇಕಾದಲ್ಲಿ 138ಕ್ಕೆ ತಿರುಗಿಸುತ್ತೇನೆ, ಅದಕ್ಕೆಂದೇ ನಾಬಿನ ಸುತ್ತ ಪೆನ್ಸಿಲ್ಲಿನಲ್ಲಿ ಒಂದು ಗೆರೆ ಎಳೆದಿಟ್ಟಿದ್ದೇನೆ. ಈ ಥರ್ಮಾಮೀಟರ್ ಇಲ್ಲದೆ ಓವನ್ ಕೊಳ್ಳುವುದು ತಕ್ಕಡಿಯಿಲ್ಲದೆ ಅಂಗಡಿ ಇಟ್ಟಂತೆ.

ಇಷ್ಟು ಡಿಗ್ರಿಗಳಿಗೆ ಏಕೆ ತಲೆಕೆಡಿಸಿಕೊಳ್ಳಬೇಕೆಂದು ಮನೆಯವರು ಕೇಳಿದ್ದುಂಟು. ಹಸಿ ಬೀಜದಲ್ಲಿ ತೂಕದ ನೂರಕ್ಕೆ ಐದರ ಆಸುಪಾಸು ನೀರಿರುತ್ತದೆ. ಹುರಿಯುವಾಗ ಮೊದಲು ಆ ಪಸೆ ಹೊರಡಬೇಕು, ಗರಿಗರಿ ಬರುವುದು ಅದರಿಂದ. ಪಸೆ ಇಳಿದ ಮೇಲೆ ಸುಮಾರು 140 ಡಿಗ್ರಿಯ ಆಸುಪಾಸಿನಲ್ಲಿ ತಿರುಳಿನ ಸಕ್ಕರೆಗಳೂ ಅಮೈನೋ ಆಮ್ಲಗಳೂ ಕೂಡಿ ಕಂದುಬಣ್ಣವನ್ನೂ ಹುರಿದ ಪರಿಮಳವನ್ನೂ ಬೇಗ ಬೇಗ ಹುಟ್ಟಿಸತೊಡಗುತ್ತವೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲೂಯಿ ಕಮಿಲ್ ಮೈಯಾರ್ 1912ರಲ್ಲಿ ವಿವರಿಸಿದ ಈ ಕ್ರಿಯೆಗೆ ಇಂದಿಗೂ ಅವರದೇ ಹೆಸರು. ಉಷ್ಣತೆ ತೀರ ಹೆಚ್ಚಾದರೆ ಪಸೆ ಹೊರಡುವ ಮೊದಲೇ ಹೊರಮೈ ಕಂದಾಗುತ್ತದೆ, ತೀರ ಕಡಿಮೆಯಾದರೆ ಬೀಜ ಒಣಗುತ್ತದೆಯೇ ಹೊರತು ಹುರಿದ ಘಮ ಬರುವುದಿಲ್ಲ. ಆರೋಗ್ಯದ ದೃಷ್ಟಿಯಿಂದಲೂ ಒಂದು ಮಾತಿದೆ. ಆಸ್ಪರಜಿನ್ ಎಂಬ ಅಮೈನೋ ಆಮ್ಲವೂ ಕೆಲವು ಸಕ್ಕರೆಗಳೂ 120 ಡಿಗ್ರಿ ಮೀರಿದ ಬಿಸಿಯಲ್ಲಿ ಸೇರಿದರೆ ಆಕ್ರಿಲಮೈಡ್ ಎಂಬ ಬೇಡದ ಸಂಯುಕ್ತ ಉಂಟಾಗುತ್ತದೆ. ಆಹಾರದಲ್ಲಿ ಅದರ ಇರುವಿಕೆಯನ್ನು 2002ರಲ್ಲಿ ಸ್ವೀಡನ್ನಿನ ಸಂಶೋಧಕರು ಬೆಳಕಿಗೆ ತಂದರು. ಬಾದಾಮಿಯಲ್ಲಿ ಆಸ್ಪರಜಿನ್ ಧಾರಾಳವಾಗಿದೆ, ಬಣ್ಣ ಕಪ್ಪೇರಿದಷ್ಟೂ ಈ ಸಂಯುಕ್ತ ಹೆಚ್ಚುತ್ತದೆ. ಆದ್ದರಿಂದ ತಿಳಿ ಹೊಂಬಣ್ಣದಲ್ಲೇ ನಿಲ್ಲಿಸುವುದು ನಾಲಿಗೆಗೂ ದೇಹಕ್ಕೂ ಹಿತ.

ಎಂಟು ತಿಂಗಳಲ್ಲಿ ಕೈಗೆ ಹತ್ತಿದ ಅಳತೆಗಳು ಹೀಗಿವೆ. ಸಿಪ್ಪೆಸಹಿತ ಇಡೀ ಬಾದಾಮಿಗೆ ನಿಜವಾದ 150 ಡಿಗ್ರಿಯಲ್ಲಿ 18ರಿಂದ 22 ನಿಮಿಷ, ಕಡಲೆಕಾಯಿ ಬೀಜಕ್ಕೆ 20ರಿಂದ 25, ಇಡೀ ಗೋಡಂಬಿಗೆ 12ರಿಂದ 15. ಪಿಸ್ತಾದ ಹಸಿರು ಕೆಡದಿರಬೇಕಾದರೆ 140ರಲ್ಲಿ ಎಂಟು ಹತ್ತು ನಿಮಿಷ ಸಾಕು. ಇವೆಲ್ಲವನ್ನೂ ಒಂದೇ ಟ್ರೇಯಲ್ಲಿ ಬೆರೆಸಿ ಹುರಿಯುವ ಆಸೆಯನ್ನು ಬಿಡಬೇಕು. ಬೇರೆ ಬೇರೆ ಹುರಿದು ಕೊನೆಗೆ ಬೆರೆಸಿಕೊಳ್ಳುವುದೇ ದಾರಿ. ಗಡಿಯಾರಕ್ಕಿಂತ ಮಿಗಿಲಾದ ಪರೀಕ್ಷೆಯೆಂದರೆ ಒಂದು ಬೀಜವನ್ನು ತೆಗೆದು ಚಾಕುವಿನಿಂದ ಸೀಳಿ ನೋಡುವುದು. ಒಳಗಣ ಬಣ್ಣ ಹಾಲುಬಿಳುಪಿನಿಂದ ತೆಳು ಬಿಸ್ಕತ್ತಿನ ಬಣ್ಣಕ್ಕೆ ತಿರುಗಿದ್ದರೆ ಹದ ಬಂದಿದೆ. ಬಿಸಿಯಲ್ಲಿ ಬೀಜ ಮೆತ್ತಗೇ ಇರುತ್ತದೆ, ತಣಿದ ಮೇಲೆಯೇ ಗರಿಗರಿಯಾಗುತ್ತದೆ ಎಂಬುದನ್ನು ಮರೆತು, ಮೆತ್ತಗಿದೆಯೆಂದು ಮತ್ತೆ ಒಳಗಿಟ್ಟು ಸೀಸಿಕೊಳ್ಳುವವರೇ ಹೆಚ್ಚು. ಹೊರತೆಗೆದ ಮೇಲೂ ಒಳಗಿನ ಬಿಸಿಯಿಂದ ಬೀಜ ಇನ್ನಷ್ಟು ಹುರಿಯುವುದರಿಂದ, ಬೇಕಾದ ಬಣ್ಣಕ್ಕಿಂತ ಅರ್ಧ ಛಾಯೆ ಮೊದಲೇ ತೆಗೆದು, ಬಿಸಿ ಟ್ರೇಯಿಂದ ತಣ್ಣನೆಯ ತಟ್ಟೆಗೆ ಸುರಿದುಬಿಡಬೇಕು.

ಇನ್ನು ಮಸಾಲೆ. ಓವನ್ನಿಗೆ ಸಂಬಂಧಿಸಿದ ಕೈಪಿಡಿಯಲ್ಲೂ, ನಾನು ಓದಿದ ಬಹುತೇಕ ವಿಧಾನಗಳಲ್ಲೂ, ಬೀಜ, ಎಣ್ಣೆ, ಮಸಾಲೆ ಪುಡಿಗಳನ್ನು ಒಟ್ಟಿಗೆ ಕಲಸಿ ಟ್ರೇಯಲ್ಲಿ ಹರಡಿ ಒಳಗಿಡಿ ಎಂದೇ ಬರೆದಿತ್ತು. ಹಾಗೆ ಮಾಡಿದ ಮೊದಲ ನಾಲ್ಕೂ ಸಲ ಬಾದಾಮಿ ಹದವಾಗಿ ಬಂದಿತು, ಮಸಾಲೆ ಕಹಿಯಾಯಿತು. ಯೋಚಿಸಿದರೆ ಇದರಲ್ಲಿ ಅಚ್ಚರಿಯೇನಿಲ್ಲ: ಬಾದಾಮಿ ಒಂದು ಗ್ರಾಂಗೂ ಮಿಕ್ಕಿದ ಗಟ್ಟಿ ಬೀಜ, ಖಾರದ ಪುಡಿಯ ಕಣ ಕಣ್ಣಿಗೂ ಸರಿಯಾಗಿ ಕಾಣದ ಧೂಳು. ಬೀಜದ ನಡುವಿಗೆ ಬಿಸಿ ಮುಟ್ಟಲು ಇಪ್ಪತ್ತು ನಿಮಿಷ ಬೇಕಾದರೆ ಆ ಧೂಳಿಗೆ ಎರಡೇ ನಿಮಿಷ ಸಾಕು. ಒಣಮೆಣಸಿನ ಪುಡಿಯಲ್ಲಿ ಸ್ವಂತದ ಸಕ್ಕರೆಯಿದೆ, ಅದು ಬೇಗ ಕಪ್ಪಾಗುತ್ತದೆ. ಬೆಳ್ಳುಳ್ಳಿ ಪುಡಿ ಅದಕ್ಕಿಂತಲೂ ಬೇಗ ಕಹಿಯಾಗುತ್ತದೆ. ಏಲಕ್ಕಿ, ದಾಲ್ಚಿನ್ನಿಗಳ ಘಮದ ಎಣ್ಣೆ ಗಾಳಿಯಲ್ಲಿ ಹಾರಿಹೋಗುತ್ತದೆ. ಮನೆಯೆಲ್ಲ ಘಮಘಮಿಸಿದರೆ ಆ ಘಮ ಬೀಜದಿಂದ ಹೊರಟುಹೋಗಿದೆ ಎಂದೇ ಅರ್ಥ. ಬೀಜ ಹುರಿಯುವುದೂ ಮಸಾಲೆ ಹಿಡಿಸುವುದೂ ಎರಡು ಬೇರೆ ಕೆಲಸಗಳು, ಎರಡು ಬೇರೆ ಬಿಸಿಗಳಲ್ಲಿ ಆಗಬೇಕಾದವು. ಈ ಓವನ್ನಿನ ನಿಜವಾದ ಬೆಲೆ ನನಗೆ ತಿಳಿದದ್ದು ಆ ಎರಡನೆಯ ಕೆಲಸದಲ್ಲಿ, ಯಾಕೆಂದರೆ ನೂರಿಪ್ಪತ್ತು ಡಿಗ್ರಿಯ ಮಂದ ಬಿಸಿಯನ್ನು ಹತ್ತು ನಿಮಿಷ ಹಿಡಿದಿಡುವುದು ಬಾಣಲೆಯಿಂದ ಆಗದ ಮಾತು.

ಈಗ ನಾನು ಅನುಸರಿಸುವ ಕ್ರಮವನ್ನು ಬಿಡಿಸಿ ಹೇಳುತ್ತೇನೆ. 300 ಗ್ರಾಂ ಬಾದಾಮಿಯನ್ನು ಏನೂ ಬೆರೆಸದೆ, ಒಂದೇ ಪದರವಾಗಿ ಹರಡಿ, ಮುಕ್ಕಾಲು ಭಾಗ ಹುರಿಯುತ್ತೇನೆ, ಅಂದರೆ 15 ನಿಮಿಷ. ಅಷ್ಟರಲ್ಲಿ ಎರಡು ದೊಡ್ಡ ಚಮಚ ಬಿಸಿನೀರಿನಲ್ಲಿ 3 ಗ್ರಾಂ ಉಪ್ಪನ್ನು ಪೂರ್ತಿ ಕರಗಿಸಿ, ಅದಕ್ಕೆ ಒಂದು ಚಿಕ್ಕ ಚಮಚ ಅಚ್ಚಖಾರದ ಪುಡಿ, ಮುಕ್ಕಾಲು ಚಮಚ ಜೀರಿಗೆ ಪುಡಿ, ಅರ್ಧ ಚಮಚ ಕರಿಮೆಣಸಿನ ಪುಡಿ, ಚಿಟಿಕೆ ಅರಿಶಿನ ಸೇರಿಸಿ ತೆಳ್ಳಗಿನ ಸರಿಯಂತೆ ಕದಡಿಟ್ಟುಕೊಳ್ಳುತ್ತೇನೆ. ಬಿಸಿ ಬಾದಾಮಿಯನ್ನು ಅಗಲ ಪಾತ್ರೆಗೆ ಸುರಿದು ಈ ಸರಿಯನ್ನು ಹಾಕಿ ಮೇಲೆ ಕೆಳಗೆ ಮಾಡುವಾಗ ಚುರ್ರೆಂದು ಅರ್ಧ ನೀರು ಅಲ್ಲೇ ಆವಿಯಾಗುತ್ತದೆ, ಮಸಾಲೆ ಪ್ರತಿ ಬೀಜಕ್ಕೂ ತೆಳ್ಳಗೆ ಅಂಟುತ್ತದೆ. ಮತ್ತೆ ಟ್ರೇಯಲ್ಲಿ ಹರಡಿ, 120 ಡಿಗ್ರಿಗೆ ಇಳಿಸಿ, ಎಂಟರಿಂದ ಹತ್ತು ನಿಮಿಷ ಇಡುತ್ತೇನೆ. ಮೈಮೇಲೆ ಪಸೆ ಇರುವಷ್ಟು ಹೊತ್ತು ಆ ಪದರದ ಬಿಸಿ ನೀರಿನ ಕುದಿಬಿಂದುವನ್ನು ಅಷ್ಟಾಗಿ ಮೀರುವುದಿಲ್ಲವಾದ್ದರಿಂದ ಮಸಾಲೆ ಸೀಯದೆ, ಹಸಿ ವಾಸನೆ ಮಾತ್ರ ಕಳೆದುಕೊಂಡು, ಬೀಜದ ಮೇಲೆ ಒಣಗಿ ಕೂರುತ್ತದೆ.

ಉಪ್ಪಿನ ಲೆಕ್ಕವನ್ನು ತಂದೆಯವರಿಗಾಗಿ ಮೊದಲ ದಿನದಿಂದಲೂ ಬರೆದಿಟ್ಟಿದ್ದೇನೆ. 300 ಗ್ರಾಂಗೆ 3 ಗ್ರಾಂ ಎಂದರೆ, ದಿನದ 30 ಗ್ರಾಂ ಹಿಡಿಯಲ್ಲಿ 0.3 ಗ್ರಾಂ ಉಪ್ಪು, ಸೋಡಿಯಂ ಸುಮಾರು 120 ಮಿಲಿಗ್ರಾಂ. ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಉಪ್ಪನ್ನು ಕರಗಿಸಿ ಹಚ್ಚುವುದರ ಗುಣವೆಂದರೆ ಅದು ಹೊರಮೈಯಲ್ಲಿ ಅತಿ ಸಣ್ಣ ಹರಳುಗಳಾಗಿ ಸಮನಾಗಿ ಹರಡಿಕೊಂಡು, ನಾಲಿಗೆಗೆ ತಾಗಿದೊಡನೆ ಕರಗುತ್ತದೆ. ಹರಳುಪ್ಪನ್ನು ಉದುರಿಸಿದಾಗ ಅರ್ಧ ಡಬ್ಬಿಯ ತಳಕ್ಕೆ ಸೇರುತ್ತದೆ, ನಾಲಿಗೆಗೆ ಸಾಲದೆಂದು ಇನ್ನಷ್ಟು ಹಾಕುತ್ತೇವೆ. ಈಚೆಗೆ ಇದನ್ನು 2 ಗ್ರಾಂಗೆ ಇಳಿಸಿ, ನೀರಿನ ಬದಲು ನಿಂಬೆರಸ ಬಳಸಿದೆ. ಒಣಗಿದ ಮೇಲೆ ರಸದ ಘಮ ಹೋದರೂ ಹುಳಿ ಉಳಿಯುತ್ತದೆ, ಆ ಹುಳಿ ಉಪ್ಪಿನ ಕೊರತೆಯನ್ನು ಬಹುಮಟ್ಟಿಗೆ ತುಂಬಿಬಿಟ್ಟಿತು. ತಂದೆಯವರಿಗೆ ವ್ಯತ್ಯಾಸ ತಿಳಿಯಲಿಲ್ಲ, ಹುಳಿ ಚೆನ್ನಾಗಿದೆಯೆಂದಷ್ಟೇ ಹೇಳಿದರು. ಅಂದು ನನಗಾದ ಸಂತೋಷಕ್ಕೆ ಈ ಓವನ್ನಿನ ಬೆಲೆ ಹೆಚ್ಚೆನಿಸಲಿಲ್ಲ.

ಉಪ್ಪುನೀರಿನ ವಿಧಾನದಲ್ಲಿ ಮಸಾಲೆಯ ಪದರ ತೆಳುವಾಗಿರುತ್ತದೆ. ದಪ್ಪ ಕವಚ ಬೇಕೆನ್ನುವವರು ಮೊಟ್ಟೆಯ ಬಿಳಿಯನ್ನು ಬಳಸಬಹುದು. ಅದರ ಪ್ರೋಟೀನು 60ರಿಂದ 80 ಡಿಗ್ರಿಯ ನಡುವೆ ಗಟ್ಟಿಯಾಗಿ ಮಸಾಲೆಯನ್ನು ಅಂಟಿನಂತೆ ಹಿಡಿದಿಡುತ್ತದೆ. 300 ಗ್ರಾಂ ಬೀಜಕ್ಕೆ ಅರ್ಧ ಮೊಟ್ಟೆಯ ಬಿಳಿ, ನೊರೆಯೇಳುವಷ್ಟು ಮಾತ್ರ ಕದಡಿದ್ದು, ಸಾಕು. ಹೆಚ್ಚಾದರೆ ಬೀಜಗಳು ಒಂದಕ್ಕೊಂದು ಅಂಟಿ ಹಾಳೆಯಾಗುತ್ತವೆ. ಎಣ್ಣೆ ಹಚ್ಚಿ ಮಸಾಲೆ ಉದುರಿಸುವ ವಿಧಾನ ನನಗೆ ಕೊನೆಯ ಆಯ್ಕೆ, ಏಕೆಂದರೆ ಪುಡಿ ಅಂಟುವುದಕ್ಕಿಂತ ಕೈಗೆ ಬರುವುದೇ ಹೆಚ್ಚು. ಜೇನು ಅಥವಾ ಸಕ್ಕರೆ ಪಾಕದ ವಿಷಯಕ್ಕೆ ಬಂದರೆ, ಜೇನಿನಲ್ಲಿರುವ ಫ್ರಕ್ಟೋಸ್ 110 ಡಿಗ್ರಿಯ ಆಸುಪಾಸಿನಲ್ಲೇ ಬಣ್ಣ ತಿರುಗತೊಡಗುತ್ತದೆ, ತಣಿದ ಮೇಲೆ ಗಾಳಿಯ ತೇವವನ್ನು ಎಳೆದುಕೊಂಡು ಬೀಜವನ್ನು ಜಿಗುಟಾಗಿಸುತ್ತದೆ. ಎರಡು ಸಲ ಮಾಡಿ ನಿಲ್ಲಿಸಿದೆ.

ಏಲಕ್ಕಿ, ದಾಲ್ಚಿನ್ನಿ, ಒಣಶುಂಠಿಯಂಥ ನಾಜೂಕು ಘಮದವುಗಳಿಗೆ ಓವನ್ನೇ ಬೇಡ. ಬೀಜ ಹೊರಬಂದ ಕ್ಷಣದಲ್ಲಿ ಅದರ ಮೈಮೇಲೆ ಸ್ವಂತ ಎಣ್ಣೆಯ ತೆಳು ಹೊಳಪು ಮೂಡಿರುತ್ತದೆ. ಆಗಷ್ಟೇ ಕುಟ್ಟಿ ನಯವಾಗಿ ಜರಡಿ ಹಿಡಿದ ಪುಡಿಯನ್ನು ಆ ಹೊತ್ತಿನಲ್ಲಿ ಉದುರಿಸಿ ಕುಲುಕಿದರೆ ಅಂಟಿಕೊಳ್ಳುತ್ತದೆ. ಘಮದ ಅಂಶಗಳು ಕೊಬ್ಬಿನಲ್ಲಿ ಕರಗುವಂಥವಾದ್ದರಿಂದ ಮರುದಿನದ ಹೊತ್ತಿಗೆ ರುಚಿ ಇನ್ನೂ ಒಳಗಿಳಿದಿರುತ್ತದೆ. ಗೋಡಂಬಿಗೆ ಕರಿಮೆಣಸನ್ನೂ ಹೀಗೇ ಹಾಕುತ್ತೇನೆ, ತರಿತರಿಯಾಗಿ.

ಆಕ್ರೋಟ್‌ಗೆ ಪ್ರತ್ಯೇಕ ಎಚ್ಚರಿಕೆ ಬೇಕು. ಅದರಲ್ಲಿ ಒಮೆಗಾ-3 ವರ್ಗಕ್ಕೆ ಸೇರಿದ ಆಲ್ಫಾ ಲಿನೊಲೆನಿಕ್ ಆಮ್ಲ 100 ಗ್ರಾಂಗೆ ಸುಮಾರು 9 ಗ್ರಾಂ ಇದೆ, ನಾನು ಹುರಿಯುವ ಉಳಿದ ಬೀಜಗಳಲ್ಲಿ ಇಷ್ಟು ಮತ್ತೊಂದರಲ್ಲಿಲ್ಲ. ಅದರ ಹಿರಿಮೆಗೂ ಬೇಗ ಕೆಡುವುದಕ್ಕೂ ಕಾರಣ ಒಂದೇ: ಈ ಬಗೆಯ ಕೊಬ್ಬು ಬಿಸಿ, ಬೆಳಕು, ಗಾಳಿಗಳಿಗೆ ಸುಲಭವಾಗಿ ಸೋತು ಕಮಟು ಹಿಡಿಯುತ್ತದೆ. ಆಕ್ರೋಟನ್ನು 140 ಡಿಗ್ರಿ ಮೀರಿಸಬಾರದು, ಹತ್ತು ಹನ್ನೆರಡು ನಿಮಿಷ ದಾಟಿಸಬಾರದು, ಮಡಿಕೆಗಳ ತುದಿ ಕಂದಾಗುವ ಮೊದಲೇ ತೆಗೆಯಬೇಕು. ಅದರ ಪೊರೆಯ ಒಗರು ಹಿಡಿಸದವರು ಮೊದಲು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ, ಬಸಿದು, ಬಟ್ಟೆಯ ಮೇಲೆ ಆರಿಸಿ ಹುರಿಯಲಿ. ಒಗರಿನ ಟ್ಯಾನಿನ್ ಸಾಕಷ್ಟು ನೀರಿಗಿಳಿಯುತ್ತದೆ, ನೀರಿನ ಬಣ್ಣ ನೋಡಿದರೇ ತಿಳಿಯುತ್ತದೆ. ಈ ಓವನ್ ಬಂದ ಮೇಲೆ ನಮ್ಮ ಮನೆಯಲ್ಲಿ ಹೆಚ್ಚು ಸುಧಾರಿಸಿದ ಬೀಜ ಯಾವುದೆಂದರೆ ಆಕ್ರೋಟ್. ಬಾಣಲೆಯಲ್ಲಿ ಅದರ ಏರುತಗ್ಗಿನ ಮೈಯನ್ನು ಸಮನಾಗಿ ಹುರಿಯಲು ನನಗೆ ಒಮ್ಮೆಯೂ ಆಗಿರಲಿಲ್ಲ.

ತಂಗಿಯ ಮನೆಯಿಂದ ಏರ್ ಫ್ರೈಯರ್ ತಂದು ಎರಡು ವಾರ ಹೋಲಿಸಿಯೂ ನೋಡಿದೆ. 150 ಗ್ರಾಂ ಬೀಜವನ್ನು ಅದು ಓವನ್ನಿಗಿಂತ ಬೇಗ, ಮೊದಲೇ ಕಾಯಿಸುವ ಗೊಡವೆಯಿಲ್ಲದೆ ಹುರಿದುಕೊಡುತ್ತದೆ. ಇಬ್ಬರೇ ಇರುವ ಮನೆಗೆ ಅದೇ ಮೇಲು. ಆದರೆ ಅದರ ಗಾಳಿಯ ರಭಸಕ್ಕೆ ಒಣ ಮಸಾಲೆ ಹಾರಿ ಸರಳಿಗೆ ಮೆತ್ತಿಕೊಂಡು ಖಾರದ ಘಾಟು ಎಬ್ಬಿಸಿತು, ಆ ಸಂಜೆ ಇಡೀ ಮನೆ ಕೆಮ್ಮಿತು. ಬುಟ್ಟಿಯಲ್ಲಿ ಬೀಜಗಳು ಒಂದರ ಮೇಲೊಂದು ಬೀಳುವುದರಿಂದ ಮೂರು ನಾಲ್ಕು ನಿಮಿಷಕ್ಕೊಮ್ಮೆ ಕುಲುಕದೆ ಗತಿಯಿಲ್ಲ.

ಇನ್ನು ಈ ಓವನ್ನಿನ ಕೊರತೆಗಳು. ಹಿಂಬದಿಯ ಎಡಮೂಲೆ ಉಳಿದ ಭಾಗಕ್ಕಿಂತ ಬೇಗ ಕಾಯುತ್ತದೆ. ಒಮ್ಮೆ ನಡುವೆ ಟ್ರೇಯನ್ನು ಹಿಂದುಮುಂದು ತಿರುಗಿಸದಿದ್ದರೆ ಆ ಮೂಲೆಯ ಹತ್ತು ಹದಿನೈದು ಬೀಜಗಳು ಕರಕಲಾಗುವುದು ಖಚಿತ. ಜೊತೆಗೆ ಕೊಟ್ಟ ಟ್ರೇ ಕಪ್ಪು ಬಣ್ಣದ್ದು, ತೆಳುವಾದದ್ದು. ಕಪ್ಪು ಲೋಹ ಸರಳಿನ ಶಾಖವನ್ನು ಹೆಚ್ಚು ಹೀರುವುದರಿಂದ ಬೀಜದ ಕೆಳಮೈ ಬೇಗ ಕಂದಾಗುತ್ತದೆ. ತಿಳಿ ಬಣ್ಣದ ದಪ್ಪ ಅಲ್ಯುಮಿನಿಯಂ ಟ್ರೇ ತಂದು ಬೇಕಿಂಗ್ ಕಾಗದ ಹಾಸಿದ ಮೇಲೆ ಈ ತೊಂದರೆ ಅರ್ಧಕ್ಕಿಳಿಯಿತು. ಸಮಯದ ನಾಬ್ ಸ್ಪ್ರಿಂಗಿನದು, ಹತ್ತು ನಿಮಿಷಕ್ಕಿಂತ ಕಡಿಮೆ ಅವಧಿಗೆ ಅದನ್ನು ನಂಬುವಂತಿಲ್ಲ. ಕೊನೆಯ ಎಂಟು ನಿಮಿಷಕ್ಕೆ ಮೊಬೈಲಿನ ಗಂಟೆಯನ್ನೇ ಇಟ್ಟುಕೊಳ್ಳುತ್ತೇನೆ. ಒಂದು ಟ್ರೇಯಲ್ಲಿ 300ರಿಂದ 350 ಗ್ರಾಂ ಮಾತ್ರ ಒಂದೇ ಪದರವಾಗಿ ಹಿಡಿಸುತ್ತದೆ. ಎರಡು ಟ್ರೇಗಳನ್ನು ಮೇಲೆ ಕೆಳಗೆ ಇಟ್ಟರೆ ಮೇಲಿನದು ಸೀದು ಕೆಳಗಿನದು ಬಿಳಚಿಕೊಂಡು ಬರುತ್ತದೆ. ಫ್ಯಾನಿನ ಸದ್ದು ಮೂರನೆಯ ತಿಂಗಳಿನಿಂದ ಹೆಚ್ಚಾಯಿತು. ದುರಸ್ತಿ ಕೇಂದ್ರಕ್ಕೆ ಐದು ಸಲ ಕರೆ ಮಾಡಿದ ಮೇಲೆ ಬಂದವರು ಒಂದು ತಿರುಪು ಬಿಗಿದು ಹತ್ತೇ ನಿಮಿಷದಲ್ಲಿ ಸರಿಪಡಿಸಿದರು. ಹತ್ತು ನಿಮಿಷದ ಕೆಲಸಕ್ಕೆ ಐದು ವಾರ ಕಾಯಿಸಿದ್ದನ್ನು ನಾನು ಒಪ್ಪಲಾರೆ.

ಮೆಚ್ಚಬೇಕಾದದ್ದೂ ಇದೆ. ಬಾಗಿಲ ಗಾಜು ಸ್ವಚ್ಛವಾಗಿದೆ, ಒಳದೀಪ ಸಾಕಷ್ಟು ಬೆಳಕು ಕೊಡುತ್ತದೆ, ಆದ್ದರಿಂದ ಬಾಗಿಲು ತೆರೆದು ಬಿಸಿ ಕಳೆಯದೆಯೇ ಬಣ್ಣ ನೋಡಬಹುದು. ಬೀಜ ಹುರಿಯುವವರಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ. ಉದುರಿದ ಮಸಾಲೆ ಬೀಳುವ ತಳದ ತಟ್ಟೆಯನ್ನು ಎಳೆದು ತೊಳೆಯಬಹುದು, ತೊಳೆಯದಿದ್ದರೆ ಮುಂದಿನ ಸಲ ಅದೇ ಹೊಗೆಯಾಗುತ್ತದೆ. ವಿದ್ಯುತ್ತಿನ ಖರ್ಚೂ ಹೆದರುವಂಥದ್ದಲ್ಲ. ಅರ್ಧ ಗಂಟೆ ಪೂರ್ತಿ ಉರಿದರೂ ಮುಕ್ಕಾಲು ಯೂನಿಟ್, ಸರಳು ನಡುನಡುವೆ ಆರುವುದರಿಂದ ವಾಸ್ತವದಲ್ಲಿ ಅದಕ್ಕಿಂತ ಕಡಿಮೆ.

ಹುರಿದದ್ದನ್ನು ಕಾಪಾಡುವ ಬಗ್ಗೆ ಎರಡು ಮಾತು ಹೇಳದೆ ಈ ವಿಮರ್ಶೆ ಪೂರ್ತಿಯಾಗದು. ಹುರಿದ ಬೀಜದ ಒಳರಚನೆ ಸಡಿಲಗೊಂಡು ಗಾಳಿ ಸುಲಭವಾಗಿ ಒಳನುಗ್ಗುವುದರಿಂದ ಅದು ಹಸಿ ಬೀಜಕ್ಕಿಂತ ಬೇಗ ಕಮಟಾಗುತ್ತದೆ. ಪೂರ್ತಿ ತಣಿಯುವ ಮೊದಲು ಡಬ್ಬಿಗೆ ತುಂಬಿದರೆ ಆವಿ ಒಳಗೇ ನಿಂತು ಗರಿಗರಿಯೂ ಹೋಗುತ್ತದೆ. ಗಾಳಿಯಾಡದ ಗಾಜಿನ ಡಬ್ಬಿಯಲ್ಲಿ, ಕತ್ತಲಲ್ಲಿ, ನನ್ನ ಬಾದಾಮಿ ಮೂರು ವಾರ ಚೆನ್ನಾಗಿತ್ತು, ಆಕ್ರೋಟ್ ಹತ್ತೇ ದಿನಕ್ಕೆ ಹಳೆಯ ಬಣ್ಣದ ಡಬ್ಬಿಯಂಥ ವಾಸನೆ ಕೊಟ್ಟಿತು. ಈಗ ಹಸಿ ಆಕ್ರೋಟನ್ನು ಫ್ರೀಜರಿನಲ್ಲಿಟ್ಟು ವಾರಕ್ಕೆ ಬೇಕಾದಷ್ಟನ್ನೇ ಹುರಿಯುತ್ತೇನೆ. ಕೊಳ್ಳುವಾಗಲೂ ಬೂಷ್ಟು ಹಿಡಿದ, ಸುಕ್ಕುಗಟ್ಟಿದ, ಬಣ್ಣಗೆಟ್ಟ ಬೀಜಗಳನ್ನು, ಅದರಲ್ಲೂ ಕಡಲೆಕಾಯಿ ಬೀಜಗಳನ್ನು, ಆರಿಸಿ ಎಸೆಯಲೇಬೇಕು. ಕೆಲವು ಬೂಷ್ಟುಗಳು ಉಂಟುಮಾಡುವ ಅಫ್ಲಟಾಕ್ಸಿನ್ ಎಂಬ ವಿಷ ಹುರಿಯುವುದರಿಂದ ಪೂರ್ತಿ ನಾಶವಾಗುವುದಿಲ್ಲ, ಮಸಾಲೆ ಅದರ ಮುಗ್ಗಲನ್ನು ಮುಚ್ಚಿಬಿಡಬಹುದು ಎಂಬುದು ಇನ್ನೂ ಅಪಾಯ.

ಆರೋಗ್ಯದ ಹೆಸರಿನಲ್ಲಿ ಮಿತಿ ಮೀರುವುದೂ ಉಂಟು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2003ರಲ್ಲಿ, ದಿನಕ್ಕೆ ಸುಮಾರು 42 ಗ್ರಾಂ ಬೀಜಗಳ ಸೇವನೆ ಹೃದ್ರೋಗದ ಸಾಧ್ಯತೆಯನ್ನು ಕಡಿಮೆ ಮಾಡಬಹುದೆಂಬ ಹೇಳಿಕೆಗೆ ಷರತ್ತಿನ ಒಪ್ಪಿಗೆ ಕೊಟ್ಟಿತು. ಸ್ಪೇನಿನಲ್ಲಿ ನಡೆದ ಪ್ರೆಡಿಮೆಡ್ ಅಧ್ಯಯನದಲ್ಲಿ ಒಂದು ಗುಂಪಿಗೆ ಕೊಟ್ಟ ಪ್ರಮಾಣ ದಿನಕ್ಕೆ 30 ಗ್ರಾಂ, ಅದರಲ್ಲಿ ಅರ್ಧ ಆಕ್ರೋಟ್, ಉಳಿದರ್ಧ ಬಾದಾಮಿ ಮತ್ತು ಹೇಜಲ್‌ನಟ್. ಎರಡೂ ಒಂದು ಹಿಡಿಯ ಮಾತೇ ಹೊರತು ಬಟ್ಟಲಿನ ಮಾತಲ್ಲ. 30 ಗ್ರಾಂ ಬಾದಾಮಿಯಲ್ಲಿ ಸುಮಾರು 170 ಕ್ಯಾಲರಿ ಇದೆ. ಮನೆಯಲ್ಲಿ ಹುರಿದದ್ದು ಪೊಟ್ಟಣದ್ದಕ್ಕಿಂತ ರುಚಿಯಾಗಿರುವುದರಿಂದ ಕೈ ಮತ್ತೆ ಮತ್ತೆ ಡಬ್ಬಿಗೆ ಹೋಗುತ್ತದೆ. ಆದ್ದರಿಂದ ಹುರಿದ ದಿನವೇ ತಕ್ಕಡಿಯಲ್ಲಿ ತೂಗಿ ಏಳು ಚಿಕ್ಕ ಡಬ್ಬಿಗಳಿಗೆ ತುಂಬಿಡುವ ಪದ್ಧತಿ ಮಾಡಿಕೊಂಡಿದ್ದೇವೆ. ಐದು ವರ್ಷದೊಳಗಿನ ಮಕ್ಕಳ ಕೈಗೆ ಇಡೀ ಬೀಜ ಕೊಡಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವಿದೆ. ಅಲರ್ಜಿ ಇರುವವರಿಗೆ ಹುರಿದರೂ ಹಸಿಯಾದರೂ ಅಪಾಯ ಅಷ್ಟೇ, ಒಂದೇ ಟ್ರೇಯಲ್ಲಿ ಎಲ್ಲ ಬೀಜಗಳನ್ನೂ ಹುರಿಯುವ ಮನೆಯವರು ಅತಿಥಿಗಳನ್ನು ಕೇಳಿಯೇ ಮುಂದಿಡಬೇಕು.

ಹಾಗಾದರೆ ಇಂಥ ಓವನ್ ಯಾರು ಕೊಳ್ಳಬೇಕು? ತಿಂಗಳಿಗೊಮ್ಮೆ ಒಂದು ಹಿಡಿ ಬೀಜ ಹುರಿಯುವವರಿಗೆ ಬಾಣಲೆಯೇ ಸಾಕು, ಉರಿ ಸಣ್ಣದಿರಲಿ, ಮಸಾಲೆಯನ್ನು ಒಲೆ ಆರಿಸಿದ ಮೇಲೆ ಹಾಕಲಿ. ವಾರವಾರವೂ ಕಾಲು ಕಿಲೋಗಿಂತ ಹೆಚ್ಚು ಹುರಿಯುವ, ಉಪ್ಪಿನ ಲೆಕ್ಕ ಇಡಲೇಬೇಕಾದ ಮನೆಗೆ ನಾನು ಇದನ್ನು ಮನಸಾರೆ ಒಪ್ಪಿಸುತ್ತೇನೆ. ಅಂಗಡಿಯಲ್ಲಿ ನೋಡುವಾಗ ಲೀಟರುಗಳ ಗಾತ್ರಕ್ಕೂ ಹೊಳಪಿಗೂ ಮರುಳಾಗದೆ ಮೂರು ಸಂಗತಿಗಳನ್ನು ಕೇಳಬೇಕು: ನಾಬ್ 100 ಡಿಗ್ರಿಯವರೆಗೆ ಇಳಿಯುತ್ತದೆಯೇ, ಫ್ಯಾನನ್ನು ಬೇಕಾದಾಗ ಆರಿಸಬಹುದೇ, ತಳದ ತಟ್ಟೆ ಹೊರಬರುತ್ತದೆಯೇ. ಮೊದಲನೆಯದಕ್ಕೆ ಇಲ್ಲವೆಂಬ ಉತ್ತರ ಬಂದರೆ ಉಳಿದೆರಡನ್ನು ಕೇಳುವ ಅಗತ್ಯವಿಲ್ಲ, ಮಸಾಲೆ ಒಣಗಿಸುವ ಮಂದ ಬಿಸಿ ಅದರಲ್ಲಿ ಸಿಗುವುದಿಲ್ಲ.